ಪಾತ್ರಗಳು ಎಲ್ಲಿ ಸಿಗುತ್ತವೆ?

‘ಕತೆ ಬರೆಯೋರಿಗೆ ಪಾತ್ರಗಳು ಎಲ್ಲಿ ಸಿಗ್ತವೆ ಮಾರಾಯ್ರೇ?’ ಈ ಅಂಕಣದ ಓದುಗರೊಬ್ಬರ ಪ್ರಶ್ನೆ ಇದು. ಊರಿನ ನೆನಪುಗಳು ಅವರ ಹತ್ತಿರ ಬೇಕಾದಷ್ಟಿವೆಯಂತೆ. ಆದರೆ ಬರೆಯಲು ಕೂತರೆ ಅಜ್ಜಿ ಗೋಡೆಯ ಮೇಲಿನ ಫೋಟೋದಂತೆ ಸುಮ್ಮನೆ ಕೂತುಬಿಡುತ್ತಾರೆ, ಅಲ್ಲಾಡುವುದೇ ಇಲ್ಲವಂತೆ. ಊರು ಬಿಟ್ಟು ಬಂದ ನಮ್ಮಲ್ಲಿ ಎಷ್ಟೋ ಜನರ ಪಾಡು ಇದೇ. ಹಾಗಾಗಿ ಈ ಸಲ ಅದನ್ನೇ ಮಾತಾಡೋಣ.

ನಾನಿರುವ ಎಗ್ಮೋರ್‌ನಿಂದಲೇ ಶುರು ಮಾಡುತ್ತೇನೆ. ಇಲ್ಲಿಂದ ಆಟೋ ಹತ್ತಿದರೆ ಸ್ವಲ್ಪ ಹೊತ್ತಿಗೆ ಪುರಸವಾಕ್ಕಂ. ಆರ್‌.ಕೆ. ನಾರಾಯಣ್ ಅಜ್ಜಿಯ ಆರೈಕೆಯಲ್ಲಿ ಬೆಳೆದದ್ದು ಅಲ್ಲಿ. ಅಪ್ಪನಿಗೆ ಮೈಸೂರು ಸೀಮೆಯಲ್ಲಿ ಮೇಷ್ಟ್ರ ಕೆಲಸ. 1930ರ ವಿಜಯದಶಮಿಯ ದಿನ, ಬೆಂಗಳೂರಿನಲ್ಲಿ ಬರೆಯಲು ಕೂತಾಗ ನಾರಾಯಣ್‌ಗೆ ಮೊದಲು ಕಂಡದ್ದು ಮಾಲ್ಗುಡಿ ಎಂಬ ಪುಟ್ಟ ರೈಲ್ವೆ ಸ್ಟೇಷನ್. ಆ ಊರಿನ ಹುಡುಗ ಸ್ವಾಮಿ 1935ರಲ್ಲಿ ಪುಸ್ತಕವಾಗಿ ಹೊರಬಂದ. ಸ್ವಾಮಿ ಓದುವ ಮಿಷನ್ ಶಾಲೆಯಲ್ಲಿ ಪುರಸವಾಕ್ಕಂನ ಮಿಷನ್ ಶಾಲೆಯ ನೆರಳಿದೆ. ಆದರೆ ಶಾಲೆಯ ಕಿಟಕಿ ಗಾಜು ಒಡೆದು, ಆಮೇಲೆ ಮನೆಗೂ ಹೇಳದೆ ಓಡಿಹೋಗುವ ಹೊತ್ತಿಗೆ ಅವನು ಪೂರ್ತಿ ಸ್ವಾಮಿಯೇ ಆಗಿಬಿಟ್ಟಿದ್ದಾನೆ. ಶಾಲೆ ನೆನಪಿನದು, ಓಟ ಅವನದು.

ಅಂದರೆ ನೆನಪು ಬರೀ ಜಾಗ ಕೊಡುತ್ತದೆ. ಅಲ್ಲಿ ನಿಂತು ಏನೋ ಒಂದು ಮಾಡಿದಾಗ ಮನುಷ್ಯ ಪಾತ್ರವಾಗುತ್ತಾನೆ. ನಮ್ಮ ಕನ್ನಡದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ತೆಗೆದುಕೊಳ್ಳಿ. 1976ರಲ್ಲಿ ಬಂದ ಕಾದಂಬರಿ. ಫಣಿಯಮ್ಮ ಇಂದಿರಾ ಅವರ ಮನೆತನದಲ್ಲೇ ಬಾಳಿದ್ದ ಹೆಂಗಸು. ಆಕೆ ತನ್ನ ಕತೆಯನ್ನು ಇಂದಿರಾ ಅವರ ತಾಯಿಗೆ ಹೇಳಿದ್ದಳು, ತಾಯಿ ಮಗಳಿಗೆ ಹೇಳಿದರು. ಬಾಲ್ಯದಲ್ಲೇ ಗಂಡ ಹಾವು ಕಚ್ಚಿ ತೀರಿಕೊಂಡ, ಮುಂದೆ ತಲೆ ಬೋಳಿಸಿದರು, ಉಳಿದ ಆಯಸ್ಸೆಲ್ಲ ಮಡಿಯಲ್ಲಿ ಮಂದಿಯ ಸೇವೆ. ಇಷ್ಟೇ ಬರೆದಿದ್ದರೆ ಓದಿ ‘ಅಯ್ಯೋ ಪಾಪ’ ಅಂದು ಮಗುಚಿಡುತ್ತಿದ್ದೆವು. ಅಂಥ ಅಜ್ಜಿಯರು ಮಲೆನಾಡಿನ ಎಷ್ಟೋ ಮನೆಗಳಲ್ಲಿದ್ದರು.

ಆದರೆ ಆ ಮಡಿ ಹೆಂಗಸು ಅಸ್ಪೃಶ್ಯರೆನಿಸಿಕೊಂಡವರ ಮನೆಗೆ ಹೋಗಿ ಹೆರಿಗೆ ಮಾಡಿಸುತ್ತಾಳೆ. ತಲೆ ಬೋಳಿಸಿಕೊಳ್ಳಲಾರೆ ಎಂದು ಹಟ ಹಿಡಿದ ಹುಡುಗಿ ದಾಕ್ಷಾಯಿಣಿಯ ಪರ ನಿಲ್ಲುತ್ತಾಳೆ. ಇಡೀ ಜೀವನ ಯಾವ ಕಟ್ಟಿಗೆ ತಲೆಬಾಗಿದಳೋ ಆ ಕಟ್ಟು ಇನ್ನೊಬ್ಬಳಿಗೆ ಬೇಡ ಅನ್ನುತ್ತಾಳೆ. ನನಗೆ ಫಣಿಯಮ್ಮ ಸಿಗುವುದು ಅಲ್ಲಿ. ಆಕೆಯ ವಿಧೇಯತೆಗೂ ಕರುಣೆಗೂ ಡಿಕ್ಕಿಯಾದ ಗಳಿಗೆಯಲ್ಲಿ.

ಎಸ್‌.ಎಲ್‌. ಭೈರಪ್ಪನವರ ‘ಗೃಹಭಂಗ’ದ ನಂಜಮ್ಮ ಇನ್ನೂ ಹತ್ತಿರದವಳು. ಆ ಪಾತ್ರದ ಹಿಂದಿರುವುದು ಲೇಖಕರ ಸ್ವಂತ ತಾಯಿ. ಗಂಡನಿಗೆ ಶಾನುಭೋಗಿಕೆ ಇದ್ದರೂ ಲೆಕ್ಕ ಬರೆಯುವವಳು ನಂಜಮ್ಮ. ಈ ಒಂದು ವಿವರದಲ್ಲೇ ಆ ಸಂಸಾರವೆಲ್ಲ ಕಾಣುತ್ತದೆ. ಪ್ಲೇಗ್ ಆ ಮನೆಯನ್ನು ಹೊಕ್ಕ ಮೇಲೂ ಕತೆ ಎದೆ ಬಡಿದುಕೊಳ್ಳುವುದಿಲ್ಲ. ತಾಯಿಯನ್ನು ಕಳಕೊಂಡ ಹುಡುಗ ಕಾದಂಬರಿಯಲ್ಲೂ ಇದ್ದಾನೆ, ಆದರೆ ಕತೆ ಅವನದಲ್ಲ. ಮಗ ಪಕ್ಕಕ್ಕೆ ಸರಿದು ನಿಂತದ್ದಕ್ಕೇ ತಾಯಿಗೆ ಓಡಾಡಲು ಜಾಗ ಸಿಕ್ಕಿತು. ನಮ್ಮವರ ಬಗ್ಗೆ ಬರೆಯುವಾಗ ಬಹಳ ಕಷ್ಟದ್ದು ಇದೇ. ನಾವು ಅವರ ಮಗ, ಮೊಮ್ಮಗಳು ಎಂಬುದನ್ನು ಅಷ್ಟು ಹೊತ್ತು ಮರೆಯಬೇಕು.

ಎರಡೂ ಪುಸ್ತಕ ಓದಿಲ್ಲದವರು ಓದಿ. ಚೆನ್ನೈನಲ್ಲಿದ್ದರೆ ಎಗ್ಮೋರ್‌ನ ಪ್ಯಾಂಥಿಯನ್ ರೋಡಿಗೆ ಬಂದು ಕನ್ನೆಮರಾ ಲೈಬ್ರರಿಯಲ್ಲಿ ವಿಚಾರಿಸಿ. 1896ರಲ್ಲಿ ಬಾಗಿಲು ತೆರೆದ ಈ ಲೈಬ್ರರಿ, 1954ರ ಕಾನೂನಿನಂತೆ ದೇಶದಲ್ಲಿ ಅಚ್ಚಾದ ಪುಸ್ತಕಗಳ ಪ್ರತಿ ಪಡೆಯುವ ನಾಲ್ಕರಲ್ಲಿ ಒಂದು. ಕನ್ನಡದ ಪುಸ್ತಕಕ್ಕೂ ಅದು ಅನ್ವಯಿಸುತ್ತದೆ.

ಓದಿದ ಮೇಲೆ ಒಂದು ಕೆಲಸ ಮಾಡಿ. ಊರಿಗೆ ಫೋನ್ ಹಚ್ಚಿ, ಅಮ್ಮನನ್ನೋ ಅತ್ತೆಯನ್ನೋ ಮಾತಿಗೆಳೆಯಿರಿ. ‘ಅಜ್ಜಿ ಹೇಗಿದ್ದರು?’ ಎಂದು ಕೇಳಬೇಡಿ. ‘ಒಳ್ಳೆಯವರಿದ್ದರು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಅಜ್ಜಿ ಯಾರಿಗಾದರೂ ಆಗೋದಿಲ್ಲ ಅಂದಿದ್ದುಂಟಾ?’ ಎಂದು ಕೇಳಿ. ‘ಯಾರೂ ಹೇಳದೆ ತಾವಾಗಿ ಏನು ಮಾಡಿದರು?’ ಎಂದು ಕೇಳಿ.

ನಾನೂ ಕೇಳಿದ್ದೇನೆ. ನಮ್ಮ ದೊಡ್ಡಮ್ಮ ‘ಪಾಪದವಳು, ಬಾಯಿಲ್ಲದವಳು’ ಎಂದೇ ಮನೆಯಲ್ಲಿ ಹೆಸರು. ಹೀಗೆ ಕೇಳಿದಾಗ ಅಮ್ಮ ಸ್ವಲ್ಪ ತಡೆದು ಹೇಳಿದರು: ಆಸ್ತಿ ಪಾಲಿನ ದಿನ ದೊಡ್ಡಮ್ಮ ಕಾಗದಕ್ಕೆ ಹೆಬ್ಬೆಟ್ಟು ಒತ್ತದೆ ಸಂಜೆವರೆಗೂ ಬಾವಿಕಟ್ಟೆಯ ಮೇಲೆ ಕೂತಿದ್ದಳಂತೆ. ಆಮೇಲೆ ತಾನಾಗಿ ಎದ್ದು ಬಂದು ಒತ್ತಿದಳಂತೆ. ಯಾಕೆ ಕೂತಳು, ಯಾಕೆ ಎದ್ದಳು, ಅಮ್ಮನಿಗೂ ಗೊತ್ತಿಲ್ಲ.

ದೊಡ್ಡಮ್ಮ ಈಗಿಲ್ಲ. ಅದನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ಅಮ್ಮ ಒಬ್ಬರೇ, ಅವರ ನೆನಪೂ ಈಚೆಗೆ ಹಿಂದೆಮುಂದಾಗುತ್ತಿದೆ. ನಮ್ಮ ಮಕ್ಕಳು ಈ ಊರಿನ ತಮಿಳಲ್ಲಿ, ಇಂಗ್ಲಿಷಲ್ಲಿ ಬೆಳೆಯುತ್ತಿದ್ದಾರೆ. ನಾವು ಕೇಳಿಟ್ಟುಕೊಳ್ಳದ್ದನ್ನು ಅವರು ಯಾರಲ್ಲಿ ಕೇಳಬೇಕು? ಆ ಬಾವಿಕಟ್ಟೆಯ ಮೇಲೆ ದೊಡ್ಡಮ್ಮ ಏನು ಯೋಚಿಸಿದಳು ಎಂಬುದನ್ನು ಇನ್ನು ನಾನೇ ಕಟ್ಟಬೇಕು. ಕತೆ ಎಂದರೆ ಅಷ್ಟೇ ಅಲ್ಲವೇ?