ಹಳದಿ ದೀಪ ಮತ್ತು ಊಹೆಯ ರಿಪೇರಿ

ನಮ್ಮ ಮನೆಯ 2014ರ ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪವೊಂದು ಎರಡು ತಿಂಗಳ ಕಾಲ ಆರದೆ ಉರಿಯಿತು. ಸರ್ವಿಸ್ ಸೆಂಟರಿನಲ್ಲಿ ಯಂತ್ರ ಜೋಡಿಸಿ ನೋಡಿದ ಯುವಕ, "ಆಕ್ಸಿಜನ್ ಸೆನ್ಸರ್ ಹೋಗಿದೆ ಸರ್" ಎಂದ. ಬದಲಾಯಿಸಿದೆವು, ಎಂಟು ಸಾವಿರ ರೂಪಾಯಿ ಹೋಯಿತು. ನಾಲ್ಕನೆಯ ದಿನ ದೀಪ ಮತ್ತೆ ಹತ್ತಿತು. ಎರಡನೆಯ ಸಲ ಕೋಡ್ ಅಳಿಸಿ ಕಳುಹಿಸಿದರು. ಮೂರನೆಯ ಸಲ, "ಹಳೇ ಗಾಡಿ ಅಲ್ವಾ, ಹಾಗೇ ಓಡ್ಸಿ, ಏನೂ ಆಗಲ್ಲ" ಎಂಬ ಉಪದೇಶ ದೊರೆಯಿತು. ಈ ಮೂರೂ ಉತ್ತರಗಳ ಬಗ್ಗೆ ನನ್ನ ತಕರಾರಿದೆ. ಗ್ಯಾರೇಜು ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಬೇಸರಿಸಬಾರದು, ತಪ್ಪಿದ್ದರೆ ತಿದ್ದಬೇಕು.

ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದಲೂ, ನಮ್ಮಲ್ಲಿ 2013ರ ಏಪ್ರಿಲ್‌ನಿಂದಲೂ ಓಬಿಡಿ-2 ಎಂಬ ಸ್ವಯಂತಪಾಸಣಾ ವ್ಯವಸ್ಥೆ ಕಡ್ಡಾಯವಾಗಿದೆ. ಸ್ಟೀರಿಂಗಿನ ಕೆಳಗೆ 16 ಪಿನ್ನುಗಳ ಕಿಂಡಿಯೊಂದಿದೆ. ಅಳಿಯ ತಂದುಕೊಟ್ಟ ಪುಟ್ಟ ಬ್ಲೂಟೂತ್ ಸಾಧನವನ್ನು ಅದಕ್ಕೆ ಸಿಕ್ಕಿಸಿದಾಗ ಮೊಬೈಲಿನಲ್ಲಿ ಪಿ0171 ಎಂಬ ಸಂಖ್ಯೆ ಬಂತು. ಅದರ ಅರ್ಥ ಇಷ್ಟೇ: ಎಂಜಿನ್‌ನಲ್ಲಿ ಗಾಳಿಯ ಪಾಲಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿದೆ. ಅದನ್ನು ಕಂಡು ಹೇಳಿದ್ದು ಆಕ್ಸಿಜನ್ ಸೆನ್ಸರ್. ಸುದ್ದಿ ತಂದವನನ್ನೇ ಅಪರಾಧಿಯೆಂದು ಹಿಡಿದು ಕೆಲಸದಿಂದ ತೆಗೆದುಹಾಕಿದ್ದರು! ಜ್ವರ ಬಂದ ಮಗುವಿಗೆ ಥರ್ಮಾಮೀಟರ್ ಬದಲಾಯಿಸುವ ವೈದ್ಯರನ್ನು ನಾವು ಒಪ್ಪುತ್ತೇವೆಯೇ?

ಕಾರಣ ಹುಡುಕಲು ನಮಗೆ ಬೇಕಾದದ್ದು ಒಂದು ಭಾನುವಾರದ ಬೆಳಗ್ಗೆ, ಅಷ್ಟೆ. ಮಿಶ್ರಣ ಸರಿಯಿಲ್ಲದಾಗ ಎಂಜಿನ್ನಿನ ಕಂಪ್ಯೂಟರ್ ತಾನಾಗಿ ಎಷ್ಟು ಪೆಟ್ರೋಲ್ ಹೆಚ್ಚಿಸುತ್ತಿದೆ ಎಂಬುದನ್ನು ಆ ಸಾಧನವೇ ಶೇಕಡಾವಾರು ತೋರಿಸುತ್ತದೆ. ಗಾಡಿ ನಿಂತಲ್ಲೇ ಐಡಲ್‌ನಲ್ಲಿದ್ದಾಗ ಅದು ಶೇ. 22 ಇತ್ತು. ಅಳಿಯ ಆಕ್ಸಿಲರೇಟರ್ ಒತ್ತಿ 2500 ಸುತ್ತುಗಳಿಗೆ ಏರಿಸಿದಾಗ ಶೇ. 5ಕ್ಕೆ ಇಳಿಯಿತು. ಪೆಟ್ರೋಲ್ ಪಂಪು ದುರ್ಬಲವಾಗಿದ್ದರೆ ವೇಗ ಏರಿದಂತೆ ಕೊರತೆಯೂ ಏರಬೇಕಿತ್ತು, ಇಲ್ಲಿ ತಿರುಗುಮುರುಗಾಗಿದೆ. ನಮ್ಮ ಕಾರಿನಲ್ಲಿ ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಇದೆ. ಅದನ್ನು ದಾಟಿದ ಮೇಲೆ ಎಲ್ಲೋ ಬಿರುಕು ಬಿಟ್ಟಿದ್ದರೆ ಅಳತೆಗೆ ಸಿಗದ ಗಾಳಿ ನುಸುಳುತ್ತದೆ. ಐಡಲ್‌ನಲ್ಲಿ ಒಳಗಿನ ಸೆಳೆತ ಹೆಚ್ಚು, ಒಟ್ಟು ಗಾಳಿ ಕಡಿಮೆ. ಆದ್ದರಿಂದ ಕಳ್ಳಗಾಳಿಯ ಪಾಲು ದೊಡ್ಡದು. ಇದು ಪ್ರೌಢಶಾಲೆಯ ಅನುಪಾತದ ಲೆಕ್ಕ, ಇನ್ನೇನೂ ಅಲ್ಲ.

ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಟಾರ್ಚ್ ಹಿಡಿದು ಒಂದೊಂದೇ ರಬ್ಬರ್ ಹೋಸನ್ನು ಬಗ್ಗಿಸಿ ನೋಡಿದೆವು. ಎಂಜಿನ್ನಿನ ಹೊಗೆಯನ್ನು ಮತ್ತೆ ಒಳಕ್ಕೆ ಒಯ್ಯುವ ಹೋಸಿನ ಮೊಣಕೈಯಂಥ ತಿರುವಿನಲ್ಲಿ, ಮೇಲಿನಿಂದ ಕಾಣದ ಕಡೆ, ಬೆರಳುಗುರಿನಷ್ಟು ಉದ್ದದ ಸೀಳು. ಹೊಸ ಹೋಸಿಗೆ 340 ರೂಪಾಯಿ. ಕೋಡನ್ನು ನಾವು ಅಳಿಸಲಿಲ್ಲ. ದೋಷ ನಿಜಕ್ಕೂ ಹೋಗಿದ್ದರೆ ಕೆಲವು ಓಡಾಟಗಳ ನಂತರ ದೀಪ ತಾನಾಗಿಯೇ ಆರುತ್ತದೆ, ಆರಿತು.

ಎಲ್ಲರೂ ಬಾನೆಟ್ ಎತ್ತಿ ಮೆಕ್ಯಾನಿಕ್ ಆಗಬೇಕೆಂದು ನಾನು ಹೇಳುತ್ತಿಲ್ಲ. ಆ ಹಳದಿ ದೀಪ ಮಿನುಗತೊಡಗಿದರೆ ಉರಿಯದ ಪೆಟ್ರೋಲ್ ಹೊಗೆನಳಿಗೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿರಬಹುದು. ಆಗ ಗಾಡಿ ನಿಲ್ಲಿಸುವುದೇ ಸರಿ. ಕೆಂಪು ಆಯಿಲ್ ದೀಪ ಕಂಡರಂತೂ ಒಂದು ಫರ್ಲಾಂಗೂ ಓಡಿಸಬಾರದು. ನನ್ನ ಸಿಟ್ಟು ಆ ಯುವಕನ ಮೇಲೂ ಅಲ್ಲ. ಪರದೆಯ ಮೇಲೆ ಬಂದ ಸಂಖ್ಯೆಗೆ ಎದುರಾಗಿ ಒಂದು ಬಿಡಿಭಾಗದ ಹೆಸರು ಬರೆಯುವುದೇ ತಪಾಸಣೆ ಎಂದು ಅವನಿಗೆ ಯಾರೋ ಕಲಿಸಿದ್ದಾರೆ. ಹೊಂದಿಸಿ ಬರೆಯಿರಿ ಎಂದು ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆದವನು ನಾನು. ಕಾರಣ ಕೊಡಿ ಎಂಬ ಪ್ರಶ್ನೆಗೆ ಎರಡೇ ಅಂಕ ಇಡುತ್ತಿದ್ದೆವು. ಅದಕ್ಕೂ ಗೈಡಿನ ಉತ್ತರ ಬಾಯಿಪಾಠ ಮಾಡಿ ಬರೆದವರಿಗೆ ಪೂರ್ಣಾಂಕ ಕೊಟ್ಟಿದ್ದೇನೆ.

ಸೀಳಿದ ಹೋಸು ನನ್ನ ಮೇಜಿನ ಮೇಲಿದೆ. ಮನೆಗೆ ಬಂದವರು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಬಹುದು.