ಮುಳುಗಿದ್ದು ಒಡೆಯ, ವಿಮಾನ ಸಂಸ್ಥೆಯಲ್ಲ

ಖಾಸಗಿ ವಿಮಾನ ಸಂಸ್ಥೆಯೊಂದು ಕುಸಿಯತೊಡಗಿದಾಗ ಬೊಕ್ಕಸದ ಹಣ ನೀಡಬೇಕೇ? ಕಡತಗಳ ನಡುವೆ ಬಾಳಿದ ನನ್ನಂಥವರಿಗೆ ಈ ವಿಷಯದಲ್ಲಿ ಜರ್ಮನಿಯ ಕಾಂಡೋರ್ ಸಂಸ್ಥೆಯ ಚರಿತ್ರೆ ಅಧ್ಯಯನಯೋಗ್ಯವೆನಿಸುತ್ತದೆ.

ಎರಡು ಹಡಗು ಕಂಪನಿಗಳು, ಪಶ್ಚಿಮ ಜರ್ಮನಿಯ ರೈಲ್ವೆ ಹಾಗೂ ಲುಫ್ತಾನ್ಸಾ ಕೂಡಿ 1955ರಲ್ಲಿ ಸ್ಥಾಪಿಸಿದ ಸಂಸ್ಥೆಯಿದು. ಕಾಂಡೋರ್ ಎಂಬ ಹೆಸರು ಬಂದದ್ದು 1961ರಲ್ಲಿ. 1956ರ ಮಾರ್ಚ್‌ನಲ್ಲಿ ಅದರ ಮೊದಲ ವಿಮಾನ ಹೊತ್ತೊಯ್ದದ್ದು ವಿಹಾರಿಗಳನ್ನಲ್ಲ, ಕ್ರೈಸ್ತರ ಪುಣ್ಯಭೂಮಿಗೆ ಹೊರಟ ಯಾತ್ರಿಕರನ್ನು! ಬಿಸಿಲು ಅರಸುವ ಮಧ್ಯಮವರ್ಗ ಹಿಂದೆಯೇ ಬಂತು. 1971ರ ಹೊತ್ತಿಗೆ ರಜಾ ಪ್ರವಾಸಿಗರಿಗಾಗಿ ಜಂಬೋ ಜೆಟ್ಟನ್ನೇ ಹಾರಿಸುವಷ್ಟು ಬೇಡಿಕೆಯಿತ್ತು.

ಚಾರ್ಟರ್ ವ್ಯವಹಾರದ ಅರ್ಥಶಾಸ್ತ್ರ ಸರಳ. ಪ್ರವಾಸ ಕಂಪನಿ ಆಸನಗಳನ್ನು ಸಗಟಾಗಿ ಕೊಳ್ಳುತ್ತದೆ. ಖಾಲಿ ಆಸನದ ನಷ್ಟ ಬಹುಪಾಲು ಅದರದೇ. ಆದರೆ ಆ ಪ್ರವಾಸ ಕಂಪನಿಯೇ ಒಡೆಯನೂ ಆದಾಗ ಗಂಡಾಂತರ ಬೇರೆ ಬಾಗಿಲಿನಿಂದ ಒಳಬರುತ್ತದೆ. ಲುಫ್ತಾನ್ಸಾ ಹಂತಹಂತವಾಗಿ ಹಿಂದೆ ಸರಿದು, ಕಾಂಡೋರ್ ಥಾಮಸ್ ಕುಕ್ ಸಮೂಹದ ಪಾಲಾಗಿತ್ತು. 2019ರ ಸೆಪ್ಟೆಂಬರ್ 23ರಂದು ಆ ಸಮೂಹ ದಿವಾಳಿಯಾಯಿತು. (ಭಾರತದ ಥಾಮಸ್ ಕುಕ್ 2012ರಲ್ಲೇ ಬೇರೆಯವರ ಕೈಸೇರಿದ್ದರಿಂದ ಪಾರಾಯಿತು.)

ಕಾಂಡೋರ್ ಮಾತ್ರ ಹಾರಾಟ ನಿಲ್ಲಿಸಲಿಲ್ಲ. ಜರ್ಮನಿಯ ಕೇಂದ್ರ ಹಾಗೂ ಹೆಸ್ಸೆ ರಾಜ್ಯ ಸರ್ಕಾರಗಳ ಖಾತರಿಯೊಂದಿಗೆ 38 ಕೋಟಿ ಯೂರೊ ಸೇತುಸಾಲ ದೊರೆಯಿತು. 2017ರಲ್ಲಿ ಏರ್ ಬರ್ಲಿನ್‌ಗೂ 15 ಕೋಟಿ ಯೂರೊ ಸಿಕ್ಕಿತ್ತು. ಅದು ಎರಡೂವರೆ ತಿಂಗಳೂ ಉಳಿಯಲಿಲ್ಲ. ಏರ್ ಬರ್ಲಿನ್ ವರ್ಷಗಟ್ಟಲೆ ನಷ್ಟದಲ್ಲಿತ್ತು. ಕಾಂಡೋರ್ ಲಾಭದಲ್ಲಿತ್ತು, ಕೆಟ್ಟದ್ದು ಅದರ ಒಡೆಯನ ಲೆಕ್ಕ. ಅದೇ 2019ರ ಏಪ್ರಿಲ್‌ನಲ್ಲಿ ನಮ್ಮ ಜೆಟ್ ಏರ್‌ವೇಸ್‌ಗೆ ಬ್ಯಾಂಕುಗಳು ತುರ್ತು ಸಾಲ ನಿರಾಕರಿಸಿದಾಗ ಅನೇಕರು ಅವನ್ನು ಹಳಿದರು. ಆ ನಿರಾಕರಣೆ ನನಗಂತೂ ಸರಿಯೆಂದೇ ಕಾಣುತ್ತದೆ: ಅಲ್ಲಿ ರೋಗವಿದ್ದದ್ದು ಸಂಸ್ಥೆಯೊಳಗೇ.

ಕಾಂಡೋರ್‌ನ ಎರಡನೆಯ ಕಂತಿನ ಕಥೆ ಇಷ್ಟು ನೇರವಲ್ಲ. ಕೊರೊನಾ ಬಂತು; ಕೊಳ್ಳಲೊಪ್ಪಿದ್ದ ಪೋಲೆಂಡಿನ ಸಮೂಹ 2020ರ ಏಪ್ರಿಲ್‌ನಲ್ಲಿ ಹಿಂದೆಗೆಯಿತು. ಮತ್ತೆ 55 ಕೋಟಿ ಯೂರೊ ಸಾಲ, 2021ರಲ್ಲಿ ಅದರ ಒಂದು ಭಾಗದ ಮನ್ನಾ. ಶೇಕಡ 51ರಷ್ಟು ಪಾಲು ಅಟೆಸ್ಟರ್ ಎಂಬ ಹೂಡಿಕೆ ಸಂಸ್ಥೆಗೆ ಹೋಯಿತು. ಪುನಾರಚನೆಯ ಈ ನೆರವಿಗೆ ಐರೋಪ್ಯ ಆಯೋಗ ನೀಡಿದ್ದ ಒಪ್ಪಿಗೆಯನ್ನು, ರಯಾನ್‌ಏರ್ ಹೂಡಿದ ದಾವೆಯಲ್ಲಿ, 2024ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟದ ಜನರಲ್ ಕೋರ್ಟ್ ರದ್ದುಪಡಿಸಿತು. ಸಂಸ್ಥೆಯ ಮೌಲ್ಯ ಮುಂದೆ ಏರಿದರೆ ಅದರಲ್ಲಿ ಸರ್ಕಾರಕ್ಕೆ ನ್ಯಾಯವಾದ ಪಾಲು ಸಿಗುವುದೇ ಎಂಬುದನ್ನು ಆಯೋಗ ಸರಿಯಾಗಿ ಪರಿಶೀಲಿಸಲಿಲ್ಲವೆಂಬುದು ನ್ಯಾಯಾಲಯದ ಆಕ್ಷೇಪ. ನಮ್ಮಲ್ಲಿ ಸಾಲ ಮನ್ನಾದ ಪ್ರಸ್ತಾವ ಹೊತ್ತು ಬರುವ ಎಷ್ಟು ಕಡತಗಳಲ್ಲಿ ಈ ಪ್ರಶ್ನೆ ಇರುತ್ತದೆ?