64 ಕೆ.ಬಿ.ಯೊಳಗೊಂದು ಅಷ್ಟಾವಧಾನ

ಅಷ್ಟಾವಧಾನದ ವೇದಿಕೆಯ ಮೇಲೆ ಅವಧಾನಿ ಒಬ್ಬರೇ. ಪ್ರಶ್ನೆ ಕೇಳುವ ಪೃಚ್ಛಕರು ಮಾತ್ರ ಎಂಟು ಜನ. ಒಬ್ಬರು ಸಮಸ್ಯೆಯೊಡ್ಡುತ್ತಾರೆ, ಇನ್ನೊಬ್ಬರು ಪದ್ಯದಲ್ಲಿ ಬರಲೇಬೇಕಾದ ಪದಗಳನ್ನು ಕೊಡುತ್ತಾರೆ, ಮತ್ತೊಬ್ಬರು ಅಕ್ಷರ ಅಕ್ಷರಕ್ಕೂ ನಿಷೇಧ ಹಾಕುತ್ತಾರೆ. ಅವಧಾನಿ ಮೊದಲನೆಯವರಿಗೆ ಪದ್ಯದ ಒಂದು ಪಾದ ಹೇಳಿ, ಅದನ್ನು ಅಲ್ಲಿಗೇ ನಿಲ್ಲಿಸಿ, ಪಕ್ಕದವರ ಕಡೆಗೆ ತಿರುಗುತ್ತಾರೆ. ಸರದಿಯೆಲ್ಲ ಮುಗಿದು ಮತ್ತೆ ಮೊದಲನೆಯವರ ಬಳಿಗೆ ಬಂದಾಗ ಬಿಟ್ಟ ಜಾಗದಿಂದಲೇ ಎರಡನೆಯ ಪಾದವನ್ನು ಎತ್ತಿಕೊಳ್ಳುತ್ತಾರೆ. ನಡುನಡುವೆ ಅಪ್ರಸ್ತುತ ಪ್ರಸಂಗದವರು ಬಾಯಿ ಹಾಕುತ್ತಾರೆ. ಅವರಿಗೂ ಉತ್ತರ ಕೊಟ್ಟು ಎಲ್ಲಿದ್ದರೋ ಅಲ್ಲಿಗೇ ಮರಳಬೇಕು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅವಧಾನಿಗೆ ಬಾಯಿ ಒಂದೇ. ಯಾವ ಕ್ಷಣದಲ್ಲೂ ಅವರು ಎರಡು ಪದ್ಯಗಳನ್ನು ಒಟ್ಟಿಗೆ ಹೇಳುವುದಿಲ್ಲ. ಕಂಪ್ಯೂಟರಿನ 'ಮಲ್ಟಿಟಾಸ್ಕಿಂಗ್' ಎಂಬುದೂ ಹೀಗೆಯೇ. ಒಂದೇ ಪ್ರೊಸೆಸರ್ ಇರುವ ಯಂತ್ರ ಒಂದು ಕ್ಷಣಕ್ಕೆ ಒಂದೇ ಕೆಲಸ ಮಾಡುತ್ತದೆ. ಸರದಿ ಬಹಳ ಬೇಗ ಬೇಗ ತಿರುಗುವುದರಿಂದ ಎಲ್ಲ ಕೆಲಸಗಳೂ ಏಕಕಾಲಕ್ಕೆ ನಡೆಯುತ್ತಿರುವಂತೆ ನಮಗೆ ಕಾಣುತ್ತದೆ, ಅಷ್ಟೆ. ಈ ಸರದಿಯನ್ನು ನಡೆಸಿಕೊಡುವುದು ಆಪರೇಟಿಂಗ್ ಸಿಸ್ಟಂ ಎಂಬ ಕಾರ್ಯಾಚರಣ ವ್ಯವಸ್ಥೆ.

ಇಂದಿನ ಫೋನುಗಳಲ್ಲಿ ಇದು ದೊಡ್ಡ ವಿಷಯವೇನಲ್ಲ. 4 ಜಿ.ಬಿ. ಸ್ಮೃತಿ ಇರುವ ಫೋನಿನಲ್ಲಿ ಹಳೆಯ ಕೊಮೊಡೋರ್ 64 ಗೃಹಗಣಕದ ಸ್ಮೃತಿಯ 65,536 ಪಟ್ಟು ಜಾಗವಿರುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಆ ಯಂತ್ರದಲ್ಲಿದ್ದದ್ದು 64 ಕೆ.ಬಿ. ಮಾತ್ರ, ಪ್ರೊಸೆಸರಿನ ವೇಗ ಸುಮಾರು 1 ಮೆಗಾಹರ್ಟ್ಸ್. 1984-85ರಲ್ಲಿ ಭಾರತ ಸರ್ಕಾರದ 'ಕ್ಲಾಸ್' ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರಿನಲ್ಲಿ ಇನ್ನೂ ಕಡಿಮೆ, ಅಂದರೆ 32 ಕೆ.ಬಿ. ಇಂದು ಐವತ್ತರ ಆಸುಪಾಸಿನಲ್ಲಿರುವ ಕೆಲವು ತಂದೆ-ತಾಯಂದಿರಿಗೆ ಅದರ ಕೀಲಿಮಣೆ ನೆನಪಿರಲೂಬಹುದು. ಇಂತಹ ಯಂತ್ರಗಳಲ್ಲಿ ಅಷ್ಟಾವಧಾನ ಸಾಧ್ಯವೇ?

ಸಾಧ್ಯ ಎಂದು ಆ ಕಾಲದಲ್ಲೇ ಕೆಲವರು ತೋರಿಸಿದ್ದರು. ಅಮೆರಿಕದ ಮೈಕ್ರೋವೇರ್ ಸಂಸ್ಥೆ 6809 ಪ್ರೊಸೆಸರಿಗಾಗಿ ರೂಪಿಸಿದ ಓಎಸ್-9 ವ್ಯವಸ್ಥೆ 64 ಕೆ.ಬಿ.ಯಲ್ಲೇ ಹಲವು ಕೆಲಸಗಳನ್ನು ಸರದಿಯಲ್ಲಿ ನಡೆಸುತ್ತಿತ್ತು. ಆದರೆ ಹೆಚ್ಚು ಕುತೂಹಲದ ಕೆಲಸ ನಡೆದದ್ದು ಈ ಯಂತ್ರಗಳ ತಯಾರಿಕೆ ನಿಂತ ಮೇಲೆ.

ಬಿಟ್ಟ ಜಾಗದ ಗುರುತು

ಸರದಿ ಬದಲಾಗುವಾಗ ಯಂತ್ರದೊಳಗೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಪ್ರೊಸೆಸರಿನೊಳಗೆ 'ರಿಜಿಸ್ಟರ್' ಎಂಬ ಕೆಲವೇ ಪುಟ್ಟ ಗೂಡುಗಳಿವೆ. ಸದ್ಯ ಮಾಡುತ್ತಿರುವ ಲೆಕ್ಕದ ಅಂಕಿಗಳೆಲ್ಲ ಅಲ್ಲಿರುತ್ತವೆ. ನಿಗದಿತ ಅವಧಿಗೊಮ್ಮೆ ಗಡಿಯಾರದಿಂದ 'ಇಂಟರಪ್ಟ್' ಎಂಬ ಅಡ್ಡಿಯ ಸಂಕೇತ ಬರುತ್ತದೆ. ಆಗ ಆ ಅಂಕಿಗಳನ್ನೆಲ್ಲ ಸ್ಮೃತಿಯಲ್ಲಿ ಜೋಪಾನವಾಗಿ ಎತ್ತಿಟ್ಟು, ಇನ್ನೊಂದು ಕೆಲಸದ ಅಂಕಿಗಳನ್ನು ತಂದು ತುಂಬಬೇಕು.

ಇದಕ್ಕೆ ಎಷ್ಟು ಸಮಯ ಬೇಕು? ಸಿಂಕ್ಲೇರ್ ಸ್ಪೆಕ್ಟ್ರಮ್ ಯಂತ್ರದ ಝಡ್-80 ಪ್ರೊಸೆಸರಿನ ವೇಗ 3.5 ಮೆಗಾಹರ್ಟ್ಸ್. ಅಡ್ಡಿಯ ಸಂಕೇತ ಸೆಕೆಂಡಿಗೆ 50 ಸಲ. ಅಂದರೆ ಎರಡು ಅಡ್ಡಿಗಳ ನಡುವೆ ಸುಮಾರು 70,000 ಮಿಡಿತಗಳು. ಎಲ್ಲ ರಿಜಿಸ್ಟರುಗಳನ್ನು ಎತ್ತಿಟ್ಟು ಹೊಸದನ್ನು ತುಂಬಲು 250ರಷ್ಟು ಮಿಡಿತ ಸಾಕು. ಮುಂದಿನ ಸರದಿ ಯಾರದೆಂದು ತೀರ್ಮಾನಿಸಲು ಇನ್ನೊಂದು 250 ಎಂದುಕೊಂಡರೂ ಒಟ್ಟು 500. ಇದು ನೂರಕ್ಕೆ ಒಂದು ಪಾಲೂ ಆಗಲಿಲ್ಲ! ವೇಗದ ಕೊರತೆ ನಾವು ಊಹಿಸುವಷ್ಟು ದೊಡ್ಡ ಅಡಚಣೆಯಲ್ಲ.

ನಿಜವಾದ ಅಡಚಣೆ ಜಾಗದ್ದು. ಪ್ರತಿಯೊಂದು ಕೆಲಸಕ್ಕೂ 'ಸ್ಟ್ಯಾಕ್' ಎಂಬ ತಾತ್ಕಾಲಿಕ ಉಗ್ರಾಣ ಬೇಕು. ಮದುವೆ ಮನೆಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುವಂತೆ, ಎಲ್ಲಿಗೆ ಮರಳಬೇಕು ಎಂಬ ವಿಳಾಸಗಳನ್ನು ಅದರಲ್ಲಿ ಪೇರಿಸಿಡಲಾಗುತ್ತದೆ. ಝಡ್-80ರಲ್ಲಿ ಈ ಉಗ್ರಾಣವನ್ನು ಸ್ಮೃತಿಯ ಯಾವ ಮೂಲೆಯಲ್ಲಿ ಬೇಕಾದರೂ ಇಡಬಹುದು. ಕೆಲಸಕ್ಕೊಂದು ಉಗ್ರಾಣ ಕೊಡುವುದು ಸುಲಭ. ಜರ್ಮನಿಯ ಒಬ್ಬ ಹವ್ಯಾಸಿ ಆಮ್‌ಸ್ಟ್ರಾಡ್ ಸಿಪಿಸಿ ಯಂತ್ರಗಳಿಗಾಗಿ ಆರಂಭಿಸಿದ 'ಸಿಂಬೋಸ್' ವ್ಯವಸ್ಥೆ ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡಿದೆ. ಕಿಟಕಿಗಳು, ಮೌಸ್, ಕೆಲಸಗಳ ನಡುವೆ ಆದ್ಯತೆಯ ಕ್ರಮ, ಎಲ್ಲವೂ ಅದರಲ್ಲಿವೆ.

ಆದರೆ ಕೊಮೊಡೋರ್ ಮತ್ತು ಬಿಬಿಸಿ ಮೈಕ್ರೋಗಳಲ್ಲಿದ್ದ 6502 ಕುಟುಂಬದ ಪ್ರೊಸೆಸರಿನ ಕತೆಯೇ ಬೇರೆ. ಅದರ ಸ್ಟ್ಯಾಕ್ 256 ಬೈಟುಗಳಷ್ಟು ಮಾತ್ರ; ಅದರ ಜಾಗವೂ ನಿಗದಿ. ಎಂಟು ಕೆಲಸಗಳಿಗೆ ಹಂಚಿದರೆ ತಲಾ 32 ಬೈಟು ಸಿಗುತ್ತದೆ. ಒಂದು ಮರಳುವ ವಿಳಾಸಕ್ಕೆ 2 ಬೈಟು ಬೇಕು, ಒಂದು ಅಡ್ಡಿಗೆ 3 ಬೈಟು ಬೇಕು. ಪಾಲು ಸ್ವಲ್ಪ ಮೀರಿದರೂ ಒಂದು ಕೆಲಸ ಪಕ್ಕದ ಕೆಲಸದ ಪಾಲನ್ನು ಅಳಿಸಿಹಾಕುತ್ತದೆ. ಇದನ್ನು ತಡೆಯುವ ಬೇಲಿ ಆ ಯಂತ್ರಗಳಲ್ಲಿ ಇಲ್ಲ.

ಸ್ವೀಡನ್ನಿನ ಆಡಂ ಡಂಕೆಲ್ಸ್ ಇದಕ್ಕೆ ಬೇರೆ ದಾರಿ ಹುಡುಕಿದರು. ಅವರ 'ಕಾಂಟಿಕಿ' ವ್ಯವಸ್ಥೆ ಬಿಡುಗಡೆಯಾದದ್ದು 2003ರಲ್ಲಿ, ಕೊಮೊಡೋರ್ 64ರ ತಯಾರಿಕೆ ನಿಂತು ಒಂಬತ್ತು ವರ್ಷಗಳಾದ ಮೇಲೆ. 1947ರಲ್ಲಿ ಥಾರ್ ಹೆಯರ್‌ಡಾಲ್ ಪೆಸಿಫಿಕ್ ಸಾಗರವನ್ನು ದಾಟಿದ ಮರದ ತೆಪ್ಪದ ಹೆಸರನ್ನೇ ಅದಕ್ಕೆ ಇಡಲಾಯಿತು. ಕಾಂಟಿಕಿಯಲ್ಲಿ ಕೆಲಸಗಳನ್ನು ಬಲವಂತವಾಗಿ ನಡುವೆ ಕತ್ತರಿಸುವುದಿಲ್ಲ. ಪ್ರತಿಯೊಂದು ಕೆಲಸವೂ ಚಿಕ್ಕ ಚೂರನ್ನು ಮುಗಿಸಿ, ತಾನಾಗಿ ಸರದಿ ಬಿಟ್ಟುಕೊಡುತ್ತದೆ. ಮುಂದೆ ಡಂಕೆಲ್ಸ್ ಮತ್ತು ಸಂಗಡಿಗರು ರೂಪಿಸಿದ ವಿಧಾನದಲ್ಲಿ ಪ್ರತ್ಯೇಕ ಸ್ಟ್ಯಾಕ್ ಬೇಕಿಲ್ಲ. 'ಎಲ್ಲಿ ನಿಲ್ಲಿಸಿದ್ದೆ' ಎಂಬ ಗುರುತಿಗೆ 2 ಬೈಟು ಸಾಕು. ಪುಸ್ತಕದ ಪುಟಗಳ ನಡುವೆ ಇಡುವ ನವಿಲುಗರಿಯಂತೆ! ಇಷ್ಟರಲ್ಲೇ ಕೊಮೊಡೋರ್ 64 ಅಂತರಜಾಲದ ಪುಟಗಳನ್ನು ತೆರೆದು ತೋರಿಸಿತು.

ಇದು ಬರೀ ಹಳೆಯ ಯಂತ್ರಗಳ ಮೇಲಿನ ಮೋಹವಲ್ಲ. ಕಾಂಟಿಕಿ ಮುಂದೆ ಹೆಚ್ಚು ಬಳಕೆಯಾದದ್ದು ಬ್ಯಾಟರಿಯಿಂದ ನಡೆಯುವ, ತಾಪಮಾನ, ತೇವಾಂಶ ಮುಂತಾದವನ್ನು ಅಳೆದು ರೇಡಿಯೋ ಮೂಲಕ ಕಳಿಸುವ ಪುಟ್ಟ ಸಂವೇದಕಗಳಲ್ಲಿ. ಅಲ್ಲಿ 2 ಕೆ.ಬಿ. ರ‍್ಯಾಮ್ ಮತ್ತು 40 ಕೆ.ಬಿ. ರಾಮ್ ಇದ್ದರೆ ಅದರ ಕೆಲಸ ನಡೆಯುತ್ತಿತ್ತು.

ಮೂರೂವರೆ ಗಂಟೆಗೊಮ್ಮೆ ಬರುವ ತಪ್ಪು

ಬರೆದದ್ದಾಯಿತು, ಸರಿಯಿದೆ ಎಂದು ತಿಳಿಯುವುದು ಹೇಗೆ? ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಹದಿಹರೆಯದಲ್ಲಿ ಸಿಂಕ್ಲೇರ್ ಕ್ಯೂಎಲ್ ಎಂಬ ಗೃಹಗಣಕದಲ್ಲಿ ಕೈ ಪಳಗಿಸಿದವರು. 1991ರಲ್ಲಿ ಹೊಸ ಕಂಪ್ಯೂಟರಿನಲ್ಲಿ ಸರದಿ ಬದಲಾವಣೆಯನ್ನು ಪರೀಕ್ಷಿಸಲು ಅವರು ಎರಡು ಪುಟ್ಟ ಕೆಲಸಗಳನ್ನು ಬರೆದರು. ಒಂದು ತೆರೆಯ ಮೇಲೆ 'ಎ' ಅಕ್ಷರವನ್ನು, ಇನ್ನೊಂದು 'ಬಿ' ಅಕ್ಷರವನ್ನು ಬರೆಯುತ್ತಾ ಹೋಗಬೇಕು. ಎರಡೂ ಬೆರೆತು ಕಂಡರೆ ಸರದಿ ತಿರುಗುತ್ತಿದೆ ಎಂದರ್ಥ. ಲಿನಕ್ಸ್ ಬೆಳೆದದ್ದು ಆ ಪ್ರಯೋಗದಿಂದಲೇ.

ಆದರೆ ಇದು ಮೊದಲ ಮೆಟ್ಟಿಲು ಮಾತ್ರ. ಕಷ್ಟದ ತಪ್ಪು ಬೇರೆಯೇ ಇದೆ. 8-ಬಿಟ್ ಯಂತ್ರದ ಒಂದು ಗೂಡಿನಲ್ಲಿ 255ರವರೆಗೆ ಮಾತ್ರ ಎಣಿಸಬಹುದು. ಅದಕ್ಕಿಂತ ದೊಡ್ಡ ಸಂಖ್ಯೆಗೆ ಎರಡು ಗೂಡು ಬೇಕು. 255 ಇದ್ದದ್ದು 256 ಆಗುವಾಗ ಮೊದಲು ಬಲಗೂಡು ಸೊನ್ನೆಯಾಗುತ್ತದೆ, ಆಮೇಲೆ ಎಡಗೂಡು ಒಂದಾಗುತ್ತದೆ. ಈ ಎರಡು ಹೆಜ್ಜೆಗಳ ನಡುವೆಯೇ ಅಡ್ಡಿ ಬಂದು, ಸರದಿ ಪಡೆದ ಇನ್ನೊಂದು ಕೆಲಸ ಆ ಸಂಖ್ಯೆಯನ್ನು ಓದಿದರೆ ಅದಕ್ಕೆ ಕಾಣುವುದು 255 ಅಲ್ಲ, 256 ಕೂಡ ಅಲ್ಲ, ಸೊನ್ನೆ!

ಹೀಗಾಗುವ ಸಂಭವ ಎಷ್ಟು? 1 ಮೆಗಾಹರ್ಟ್ಸ್ ವೇಗದ 6502ರಲ್ಲಿ ಆ ಅಪಾಯದ ಅವಧಿ ಸುಮಾರು 8 ಮೈಕ್ರೋಸೆಕೆಂಡು. ಅಡ್ಡಿ ಬರುವುದು 20,000 ಮೈಕ್ರೋಸೆಕೆಂಡಿಗೊಮ್ಮೆ ಎನ್ನೋಣ. ಹಾಗಾದರೆ ಸಂಭವ 2,500ರಲ್ಲಿ ಒಂದು. ಸೆಕೆಂಡಿಗೆ 50ರಂತೆ ಎಣಿಸಿದರೆ ಗೂಡು ತುಂಬುವುದು ಸುಮಾರು 5 ಸೆಕೆಂಡಿಗೊಮ್ಮೆ. ಗುಣಿಸಿ ನೋಡಿದರೆ ತಪ್ಪು ಕಾಣಿಸಿಕೊಳ್ಳುವುದು ಸರಾಸರಿ ಮೂರೂವರೆ ಗಂಟೆಗೊಮ್ಮೆ! ಒಂದು ಗಂಟೆ ಓಡಿಸಿ 'ಎಲ್ಲ ಸರಿಯಿದೆ' ಎಂದವರು ಬಹುತೇಕ ಮೋಸ ಹೋಗಿರುತ್ತಾರೆ.

ಪರಿಹಾರ ಸರಳವೇ. ಆ ಎರಡು ಹೆಜ್ಜೆ ಮುಗಿಯುವ ತನಕ ಅಡ್ಡಿಗೆ ಬಾಗಿಲು ಮುಚ್ಚಿ, ಆಮೇಲೆ ತೆರೆಯುವುದು. ಆದರೆ ಬಾಗಿಲನ್ನು ಹೆಚ್ಚು ಹೊತ್ತು ಮುಚ್ಚಿದರೆ ಕೀಲಿಮಣೆಯ ಒತ್ತುಗಳು ತಪ್ಪಿಹೋಗುತ್ತವೆ. ಎಲ್ಲೆಲ್ಲಿ ಮುಚ್ಚಬೇಕು ಎಂದು ಪತ್ತೆ ಮಾಡುವುದೇ ಪರೀಕ್ಷೆಯ ತಿರುಳು.

ಅದಕ್ಕೆ ಅದೃಷ್ಟವನ್ನು ನೆಚ್ಚಿಕೊಳ್ಳುವಂತಿಲ್ಲ. ಹಳೆಯ ಯಂತ್ರದ ವರ್ತನೆಯನ್ನು ಹೊಸ ಕಂಪ್ಯೂಟರಿನಲ್ಲಿ ಅನುಕರಿಸುವ 'ಎಮ್ಯುಲೇಟರ್' ಇಲ್ಲಿ ನೆರವಿಗೆ ಬರುತ್ತದೆ. ಮೊದಲನೆಯ ಆದೇಶದ ನಂತರ ಒಮ್ಮೆ, ಎರಡನೆಯದರ ನಂತರ ಒಮ್ಮೆ, ಹೀಗೆ ಪ್ರತಿಯೊಂದು ಆದೇಶದ ನಂತರವೂ ಬೇಕೆಂದೇ ಅಡ್ಡಿ ತಂದು ಪರೀಕ್ಷಿಸಬಹುದು. ಸ್ಟ್ಯಾಕಿನ ಜಾಗಕ್ಕೆಲ್ಲ ಮೊದಲೇ ಒಂದು ಗುರುತಿನ ಅಂಕಿ ತುಂಬಿಟ್ಟು, ಕೊನೆಯಲ್ಲಿ ಎಷ್ಟು ಅಳಿಸಿದೆ ಎಂದು ನೋಡಿದರೆ ಯಾವ ಕೆಲಸ ಪಾಲು ಮೀರಿತು ಎಂಬುದು ತಿಳಿಯುತ್ತದೆ. ಅಷ್ಟಾದರೂ ನಿಜವಾದ ಯಂತ್ರದಲ್ಲಿ ರಾತ್ರಿಯಿಡೀ ಓಡಿಸುವುದು ತಪ್ಪದು. ಕೊಮೊಡೋರ್ 64ರಲ್ಲಿ ಚಿತ್ರ ಮೂಡಿಸುವ ಚಿಪ್ಪು ಆಗಾಗ ಪ್ರೊಸೆಸರನ್ನು ತಡೆದು ನಿಲ್ಲಿಸುತ್ತದೆ. ಅನುಕರಣೆಯಲ್ಲಿ ಇದು ಸ್ವಲ್ಪ ತಪ್ಪಿದ್ದರೂ ಲೆಕ್ಕವೆಲ್ಲ ಬದಲಾಗುತ್ತದೆ.

ಮಂಗಳ ಗ್ರಹದಲ್ಲೊಂದು ಪಾಠ

ಇಂತಹ ತಪ್ಪು ಎಷ್ಟು ದೂರ ಹೋಗಬಲ್ಲದು? 1997ರ ಜುಲೈ 4ರಂದು ಮಂಗಳನ ಮೇಲಿಳಿದ ನಾಸಾದ ಪಾಥ್‌ಫೈಂಡರ್ ನೌಕೆಯ ಕಂಪ್ಯೂಟರು ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ತಾನಾಗಿ ಹೊಸದಾಗಿ ಆರಂಭವಾಗತೊಡಗಿತು. ಕಾರಣ ಸರದಿಯ ತೊಡಕು. ಕಡಿಮೆ ಆದ್ಯತೆಯ ಹವಾಮಾನದ ಕೆಲಸ ಒಂದು ಹಂಚಿಕೆಯ ಸೌಲಭ್ಯವನ್ನು ಹಿಡಿದುಕೊಂಡಿತ್ತು. ಅತಿ ಮುಖ್ಯ ಕೆಲಸ ಅದಕ್ಕಾಗಿ ಕಾಯುತ್ತಿತ್ತು. ಅಷ್ಟರಲ್ಲಿ ಮಧ್ಯಮ ಆದ್ಯತೆಯ ಕೆಲಸವೊಂದು ನಡುವೆ ನುಗ್ಗಿ ಹವಾಮಾನದ ಕೆಲಸವನ್ನು ಮುಗಿಯಗೊಡಲಿಲ್ಲ. ಮುಖ್ಯ ಕೆಲಸ ಹೊತ್ತಿಗೆ ಮುಗಿಯದ್ದನ್ನು ಕಂಡ ಕಾವಲು ವ್ಯವಸ್ಥೆ ಎಲ್ಲವನ್ನೂ ನಿಲ್ಲಿಸಿ ಮರು ಆರಂಭಿಸುತ್ತಿತ್ತು. ಎಂಜಿನಿಯರುಗಳು ಭೂಮಿಯಲ್ಲಿದ್ದ ಅದೇ ಬಗೆಯ ವ್ಯವಸ್ಥೆಯಲ್ಲಿ ತೊಂದರೆಯನ್ನು ಮರುಕಳಿಸುವಂತೆ ಮಾಡಿ, ಕಾರಣ ಹಿಡಿದು, ತಿದ್ದುಪಡಿಯನ್ನು ರೇಡಿಯೋ ಮೂಲಕ ಮಂಗಳನಿಗೆ ಕಳಿಸಿದರು.

ಉಡಾವಣೆಗೆ ಮೊದಲಿನ ಪರೀಕ್ಷೆಗಳಲ್ಲೂ ಇಂಥ ಮರು ಆರಂಭ ಕಂಡಿತ್ತು. ಆದರೆ ಅದನ್ನು ಮತ್ತೆ ಮೂಡಿಸಿ ವಿವರಿಸಲು ಆಗಿರಲಿಲ್ಲ. ಒಮ್ಮೆ ಕಂಡು ಮಾಯವಾದ ತಪ್ಪು ಸತ್ತುಹೋಗಿಲ್ಲ, ಅಡಗಿದೆ ಎಂಬುದು ಇದರ ಪಾಠ.

ಇದನ್ನು ಕಂಪ್ಯೂಟರಿಲ್ಲದೆ ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಸ್ಲೇಟಿನಲ್ಲಿ ಎರಡು ಮನೆ ಗೀಚಿ, ಎಡಗಡೆ 1, ಬಲಗಡೆ 99 ಎಂದು ಬರೆಯಿರಿ, ಒಟ್ಟು 199. ಮಗ ಅಥವಾ ಮಗಳು ಒಂದೊಂದೇ ಕೂಡುತ್ತಾ ಹೋಗಲಿ, ಆದರೆ ಒಂದು ಸಲಕ್ಕೆ ಒಂದೇ ಮನೆಯನ್ನು ಅಳಿಸಿ ಬರೆಯಬೇಕು. ಅಪ್ಪ ಕಣ್ಣುಮುಚ್ಚಿ ಕುಳಿತು, ಮನಸ್ಸಿಗೆ ಬಂದಾಗ 'ನಿಲ್ಲು' ಎನ್ನಲಿ. ಅಮ್ಮ ಆ ಕ್ಷಣಕ್ಕೆ ಸ್ಲೇಟಿನಲ್ಲಿರುವ ಸಂಖ್ಯೆಯನ್ನು ಓದಲಿ. 199 ಆದ ಮೇಲೆ ಅಮ್ಮನಿಗೆ ಎಂದಾದರೂ 100 ಕಾಣಿಸಿತೇ? ಎಷ್ಟು ಸಲ ಆಡಿದ ಮೇಲೆ ಕಾಣಿಸಿತು? ಅದು ಎಂದೂ ಕಾಣಿಸದಂತೆ ಮಾಡಲು ಯಾವ ನಿಯಮ ಸೇರಿಸಬೇಕು? ನಿಯಮ ಹೊಳೆದವರು ಕಾರ್ಯಾಚರಣ ವ್ಯವಸ್ಥೆಯ ಒಂದು ಮುಖ್ಯ ಪಾಠವನ್ನು ಸ್ಲೇಟಿನ ಮೇಲೆಯೇ ಕಲಿತಂತಾಯಿತು.